ಮುನ್ನೂರು ಅಡಿಯ ಗೆರೆ

ವಿಲೇಜ್ ಆಫೀಸಿನ ಅಟ್ಟದಿಂದ ಇಳಿಸಿದ ರದ್ದಿಯಲ್ಲಿ
ಸಿಕ್ಕಿತು ಈ ಹಾಳೆ. ಬೆನ್ನಿಗೆ ಬಟ್ಟೆ ಅಂಟಿಸಿದ್ದು,
ಇಂಚಿಗೊಂದು ಮೈಲಿ.
ಮಡಿಕೆಯೊಂದು ಸರಿಯಾಗಿ ನಮ್ಮೂರ ಮೇಲೇ ಬಿದ್ದು
ಕುಂಟಲಪದವಿನಲ್ಲಿ ಪದವು ಮಾತ್ರ ಉಳಿದಿದೆ,
ಕುಂಟಲ ಸವೆದಿದೆ.
ಮರಗಳೂ ಹೋದವು, ಅದು ಬೇರೆ ಮಾತು.

ಪೆರ್ಲದ ದಾರಿ ಕೆಂಪು. ತೋಡು ನೀಲಿ.
ಗುಡ್ಡ ಕಂದು ಗೆರೆಗಳಲ್ಲಿ, ಒಂದರೊಳಗೊಂದು,
ಬೇಯಿಸಿದ ಭತ್ತ ಅಂಗಳದಲ್ಲಿ ಹರಡಿ
ಕಾಲಲ್ಲಿ ಸಾಲು ಎಳೆದ ಹಾಗೆ.
ಅವರು ಅಡಿಯಲ್ಲಿ ಅಳೆದರು. ನಮಗದು ಬಾಯಲ್ಲೇ ಇತ್ತು:
ನೀರು ನಿಲ್ಲುವಲ್ಲಿ ಬೈಲು, ಹತ್ತಿದರೆ ಮಜಲು,
ಮಳೆಯನ್ನೇ ನಂಬಿದ್ದು ಬೆಟ್ಟು.
ಮೂರು ಬೆಳೆ, ಎರಡು, ಒಂದು.
ಹಾಳೆಯಲ್ಲಿ ಎಲ್ಲಕ್ಕೂ ಒಂದೇ ಹಳದಿ.

ಮಾಂಕಕ್ಕನಿಗೆ ತೋರಿಸಿದೆ. ಓದಲು ಬಾರದು.
ಗುಡ್ಡದ ಸುತ್ತ ಬೆರಳಾಡಿಸಿ ಕೇಳಿದರು,
“ಒಳಗಿನದ್ದು ಬರೆದಿಲ್ಲವಾ ಮಾಷ್ಟ್ರೇ?”

ಅವರ ಅಪ್ಪ ತನಿಯ ಸುರಂಗ ಕೊರೆಯುವವನು.
ಮುನ್ನೂರರ ಗೆರೆಯ ಕೆಳಗೆ
ನಲವತ್ತೆಂಟು ಕೋಲು, ಎರಡು ಬೇಸಿಗೆ,
ಕಲ್ಲು ಗಟ್ಟಿ ಬಂದಲ್ಲಿ ಎಡಕ್ಕೊಂದು ತಿರುವು.
ಬಾಯಲ್ಲಿ ಕೂತು ಏಳು ವರ್ಷದ ಮಾಂಕು
ಒಡಕು ಕನ್ನಡಿಯಲ್ಲಿ ಬಿಸಿಲು ಹಿಡಿದು ಒಳಗೆ ಬಿಡುವುದು.
ಮೋಡ ಬಂದರೆ ಒಳಗಿಂದ ಬೈಗುಳ.
ತಿರುವಿನಾಚೆಗೆ ಕನ್ನಡಿ ಸಾಲದು, ಚಿಮಿಣಿ ದೀಪ;
ಅದೂ ಸಣ್ಣಗಾದರೆ ತೆವಳಿ ಹೊರಗೆ ಬರಬೇಕು.
ಹಾರೆಯ ತುದಿಗೆ ತಂಪು ಹತ್ತಿದ ದಿನ
ಅಪ್ಪ ಒದ್ದೆಮಣ್ಣು ತಂದು
ಮಗಳ ಕೆನ್ನೆಗೆ ಮೆತ್ತಿದನಂತೆ.

ನಿನ್ನೆ ಹೋದೆವು, ಹಾಳೆ ಹಿಡಿದುಕೊಂಡು.
ಗುಡ್ಡ ಹಾಳೆಯಲ್ಲಷ್ಟೇ ಇತ್ತು.
ಮುನ್ನೂರರ ಗೆರೆ, ಇನ್ನೂರೈವತ್ತರ ಗೆರೆ,
ಕಲ್ಲುಕೋರೆಯವರು ಚೌಕ ಚೌಕ ಕೊಯ್ದು
ಲಾರಿಗೇರಿಸಿದ್ದಾರೆ.
ಕೊಯ್ದ ಗೋಡೆಯ ನಡುವೆ ಒಂದು ತೂತು, ಆಳೆತ್ತರ.
ಯಂತ್ರದ ಗೀರುಗಳೆಲ್ಲ ನೆಟ್ಟಗೆ,
ತೂತಿನೊಳಗಿನವು ಓರೆ.
“ಅಪ್ಪ ಎಡಚ,” ಎಂದರು ಮಾಂಕಕ್ಕ.

ಬಿಸಿಲು ತಿರುವಿನಾಚೆಗೂ ಬಿದ್ದಿತ್ತು,
ಯಾರೂ ಕನ್ನಡಿ ಹಿಡಿಯದೆ.

ಅಡಿಯಲ್ಲಿ ಇನ್ನೂ ಜಿನುಗುತ್ತಿದೆ ಸ್ವಲ್ಪ.
ಅಲ್ಲಿ ಬೆರಳದ್ದಿ, ಕೆಂಪುಮಣ್ಣು ಸಮೇತ,
“ಇಲ್ಲಿ,” ಎಂದು ಹಾಳೆಯ ಮೇಲೆ ಒತ್ತಿದರು.
ಜಾಗ ತಪ್ಪಿತು. ಪೆರ್ಲದ ದಾರಿಯ ಮೇಲೆ ಬಿತ್ತು.
ನಾನು ಹೇಳಲಿಲ್ಲ.
ಒಣಗುವವರೆಗೆ
ಮಡಚದೆ ಹಿಡಿದುಕೊಂಡು ನಿಂತೆ.