ಅಳತೆ ಪುಸ್ತಕ

ಪ್ರತಿ ಪೆರ್ನಾಳಿಗೂ ಅದೇ ಬೂದು ಬಣ್ಣದ ಅಂಗಿ
ಇಸುಬಣ್ಣನಿಗೆ. ಮತ್ರಾ ಬಂದರಿನ ವೆಲ್ಡರ್.
ರೂವಿಯ ನನ್ನ ಅಂಗಡಿಗೆ ಹನ್ನೆರಡೇ ಮೆಟ್ಟಿಲು,
ಹತ್ತಿ ಬಂದವ ಬಾಗಿಲಲ್ಲೇ ಕುರ್ಚಿ ಕೇಳಿದ.

"ಕೆಮ್ಮಾ? ಏಸಿಯದ್ದು ಮಾರಾಯ."
ಹೋದ ಸಲ ಧೂಳುಗಾಳಿಯದ್ದು ಅಂದಿದ್ದ.
ಗಾಳಿ ನಿಂತು ತಿಂಗಳು, ರೂಮಿನ ಏಸಿ ಕೆಟ್ಟು ವಾರ.
ಕೆಮ್ಮು ಮಾತ್ರ
ಬಾಡಿಗೆ ಕೊಡದೆ ಕೂತಿದೆ.

ಟೇಪು ಹಿಡಿದೆ.
ಹದಿನಾರಿದ್ದ ಕಾಲರು ಹದಿನೈದು,
ಸೊಂಟ ಎರಡಿಂಚು ಒಳಗೆ.
"ಡಯಟ್ಟಾ?"
"ಎಲ್ಲಿಯ ಡಯಟ್ಟು, ಬಿರಿಯಾನಿಯೇ ಸೇರುವುದಿಲ್ಲ."
ಕೈ ಎತ್ತು ಅಂದರೆ ಭುಜ ಹಿಡಿದುಕೊಂಡು ನಕ್ಕ.
ಆ ದನಿ
ತುಕ್ಕು ಹಿಡಿದ ಕತ್ತರಿ.

ಕರ್ಚೀಫು ಅವಸರದಲ್ಲಿ ಜೇಬು ಸೇರಿತು.
ದಾಳಿಂಬೆ ರಸ ಅಂದ.
ಬಟ್ಟೆಯವನು ನಾನು,
ಯಾವ ಕಲೆ ಯಾವುದರದ್ದೆಂದು
ನನಗೆ ಹೇಳುತ್ತಾನೆ.

"ಮೊದಲು ಎದೆಯ ಎಕ್ಸ್‌ರೇ. ಅಂಗಿ ಆಮೇಲೆ."
"ಏನಾದರೂ ಸಿಕ್ಕಿದರೆ ಊರಿಗೆ ಕಳಿಸುತ್ತಾರೆ."
"ಸಿಗದಿದ್ದರೆ?"
ಅವನು ಮಿಷನ್ನಿನ ಚಕ್ರ ಸುಮ್ಮನೆ ತಿರುಗಿಸಿದ.

ಹೊಸ ಅಳತೆಯನ್ನು ಪುಸ್ತಕದಲ್ಲಿ
ಪೆನ್ಸಿಲಿನಲ್ಲಿ ಬರೆದಿದ್ದೇನೆ.
ನಾಳೆ ಶಟರು ಎಳೆದು ಇಬ್ಬರೂ ಆಸ್ಪತ್ರೆಗೆ.
ದೂರವೇನಿಲ್ಲ, ನಡೆದೇ ಹೋಗಬಹುದು,
ಅಲ್ಲಲ್ಲಿ ನಿಂತು,
ಅಂಗಡಿಗಳ ಗಾಜು ನೋಡುವವರ ಹಾಗೆ.