ಇತರೆ ಖರ್ಚು

ಸುಲ್ತಾನ್‌ಪೇಟೆಯ ಈ ಓಣಿಗೆ ಬಿಸಿಲು
ಹನ್ನೊಂದಕ್ಕೆ ಬಂದು ಹನ್ನೊಂದೂ ಮುಕ್ಕಾಲಿಗೆ ಹೋಗುತ್ತದೆ.
ಆಮೇಲೆಲ್ಲ ಟ್ಯೂಬ್‌ಲೈಟು.
ಲಗ್ನಪತ್ರಿಕೆ ಅಚ್ಚು ಹಾಕುವ ಈ ಪ್ರೆಸ್ಸಿನಲ್ಲಿ
ಹದಿನೇಳು ವರ್ಷದಿಂದ ಲೆಕ್ಕ ನನ್ನದು:
ಯಾರ್ಯಾರದೋ ಮುಹೂರ್ತ, ನನ್ನ ಕೈಯ ರಸೀದಿ.

ಶ್ರಾವಣ ಕಳೆದ ಮೇಲೆ ದೊಡ್ಡ ಕಂಪನಿಯೊಂದರ ಆರ್ಡರು,
ಮೂರು ಸಾವಿರ ಡೈರಿ.
ಅದರ ಬೆನ್ನಿಗೇ ಒಂದು ಫಾರಂ, ಹದಿನಾಲ್ಕು ಹಾಳೆ,
ಎಲ್ಲ ಒಂದೇ ಬದಿಗೆ ಅಚ್ಚಾದದ್ದು.
'ಪರಿಸರಕ್ಕಾಗಿ ತಮ್ಮ ಸಂಸ್ಥೆ ಕೈಗೊಂಡ ಕ್ರಮಗಳೇನು?'
ಬದರೀನಾಥ ಶೆಟ್ಟರು ಕನ್ನಡಕ ಹಣೆಗೇರಿಸಿ ನಕ್ಕರು:
"ಸಂಸ್ಥೆಯಂತೆ! ನಾಲ್ಕು ಜನ, ಮೂರು ಮಿಷನ್ನು, ಒಂದು ಬೆಕ್ಕು.
ಏನಾದ್ರೂ ಬರ್ದು ಕಳ್ಸಮ್ಮ ಪ್ರೇಮಲೀಲಾ,
ಮೂಲೆಗೊಂದು ಎಲೆ ಚಿತ್ರ ಹಾಕು, ಸಾಕು."

ಎಲೆ ಎಲ್ಲಿಂದ ತರಲಿ. ಸುಮ್ಮನೆ ನೋಡುತ್ತ ಕೂತೆ.

ಕಟಿಂಗ್ ಮಿಷನ್ನಿನ ಇನಾಯತ್ ಸಾಬರು
ಅಂಚಿನ ಪಟ್ಟಿಗಳನ್ನು ಗೋಣಿಗೆ ತುಂಬುವವರಲ್ಲ.
ಅಳತೆಗೆ ಅಳತೆ ಜೋಡಿಸಿ, ಬೆನ್ನಿಗೆ ಗೋಂದು ಬಳಿದು,
ಮೇಲೊಂದು ಕಲ್ಲು ಹೇರಿ ಊಟಕ್ಕೆ ಹೋಗುತ್ತಾರೆ;
ಬರುವಷ್ಟರಲ್ಲಿ ಚೀಟಿಪುಸ್ತಕ.
ಬಳೆ ಅಂಗಡಿಗೆ ಎರಡು, ಔಷಧಿಯವನಿಗೆ ಒಂದು,
ಹೂವಿನ ಚಂದ್ರಕ್ಕನಿಗೆ ಕೇಳಿದಷ್ಟು.
ಈ ಓಣಿಯ ಸಾಲವೆಲ್ಲ ಬರೆದಿರುವುದು
ಯಾರದೋ ಮದುವೆಯ ಚಿನ್ನದಂಚಿನ ಮೇಲೆ.
"ಇದು ಯಾವಾಗಿಂದ?" ಅಂದೆ.
"ಕಾಗದ ಬಿಸಾಕಿದ್ರೆ ಕೈಗೆ ಬೇಜಾರಾಗ್ತದೆ ಮೇಡಂ,"
ಅಂದರು. ಫಾರಮ್ಮಿನಲ್ಲಿ ಕೈಯ ಬೇಜಾರಿಗೆ ಕಾಲಂ ಇಲ್ಲ.

ಹಾಳೆ ಮೂವತ್ತಾರು ಇಂಚು. ಕಾರ್ಡು ಆರೂವರೆ.
ಐದು ಸಿಗುತ್ತವೆ, ಮಿಕ್ಕದ್ದು ಪಟ್ಟಿ.
ಆರೇ ಇಂಚಾದರೆ ಆರು ಕಾರ್ಡು, ಪಟ್ಟಿಯೇ ಇಲ್ಲ.
ಹದಿನೇಳು ವರ್ಷ ಕೂಡಿಸಿ ಕಳೆದವಳಿಗೆ
ಈ ಭಾಗಾಕಾರ ಹೊಳೆಯಲಿಲ್ಲ, ನೋಡಿ.

ಮೊದಲ ಗಿರಾಕಿ ಹುಡುಗಿಯ ಸೋದರಮಾವ.
"ಅರ್ಧ ಇಂಚು ಕಮ್ಮಿನಾ? ಬೀಗರು ಏನಂದ್ಕೊಂಡಾರು!"
ಎರಡನೆಯವರಿಗೂ ಹಾಗೇ ಅನಿಸಿತು, ಮೂರನೆಯವರಿಗೂ.
ನಾಲ್ಕನೇ ದಿನ ಮದುಮಗಳೇ ಬಂದಳು,
ಹೆಲ್ಮೆಟ್ಟು ಕಂಕುಳಲ್ಲಿ, ಆಫೀಸಿಗೆ ಹೊತ್ತಾದವಳು.
ಸ್ಕೇಲು ಇಟ್ಟು ತೋರಿಸಿದೆ. "ಮಾಡಿ," ಅಂದಳು,
"ಹೆಸರು ಮಾತ್ರ ಸಣ್ಣದು ಮಾಡ್ಬೇಡಿ."

ಹಿಂದುಗಡೆ ಇಂಕಿನ ಕೈ ತೊಳೆಯುವ ನಲ್ಲಿ.
ಅದು ಹನಿಯುವುದು ಗೋಡೆಗಿರುವ ಗಡಿಯಾರದಷ್ಟೇ ಹಳತು;
ಯಾರಿಗೂ ಕೇಳುವುದಿಲ್ಲ, ಎಲ್ಲರಿಗೂ ಕೇಳುತ್ತದೆ.
ಒಂದು ಸಂಜೆ ಬಾಗಿಲು ಹಾಕುವಾಗ ಬಕೆಟ್ಟು ಇಟ್ಟೆ.
ಬೆಳಿಗ್ಗೆ ತುಂಬಿ ಚೆಲ್ಲಿ, ಬೆಕ್ಕು ಅಂಚಿನಲ್ಲಿ ಕೂತು ಕುಡಿಯುತ್ತಿತ್ತು.
ಕಳೆದ ಬೇಸಿಗೆಯ ಟ್ಯಾಂಕರ್ ಬಿಲ್ಲುಗಳನ್ನು ತೆಗೆದು
ಆ ಫಾರಮ್ಮಿನ ಬಿಳೀ ಬೆನ್ನ ಮೇಲೆ ಕೂಡಿಸಿದೆ.
ಎಷ್ಟೆಂದು ಇಲ್ಲಿ ಬರೆಯುವುದಿಲ್ಲ,
ನಾಚಿಕೆಗೂ ಒಂದು ಮರ್ಯಾದೆ ಇರಲಿ.

ಎಂಟು ರೂಪಾಯಿಗೆ ಯಾವ ಪ್ಲಂಬರೂ ಬರುವುದಿಲ್ಲ.
ಎಸ್‌ಜೆಪಿ ರಸ್ತೆಯಲ್ಲಿ ನಾನೇ ವಾಷರು ಕೊಂಡೆ,
ಇನಾಯತ್ ಸಾಬರು ಮಿಷನ್ನಿನ ಸ್ಪ್ಯಾನರು ತಂದು ಬಿಗಿದರು.

ಮರುದಿನ ಶೆಟ್ಟರು ದೀಪ ಹಚ್ಚಿ, ಕೈ ಮುಗಿದು,
ಕುರ್ಚಿಯಲ್ಲಿ ಕೂತವರು ಮತ್ತೆ ಎದ್ದರು.
ಮಿಷನ್ನು ನೋಡಿದರು. ಗಡಿಯಾರ ನೋಡಿದರು.
"ಏನೋ ನಿಂತೋದಂಗಿದೆಯಲ್ಲಮ್ಮ?"
ನಾನು ಲೆಡ್ಜರಿನಿಂದ ತಲೆ ಎತ್ತಲಿಲ್ಲ.

ಫಾರಂ ಕಳಿಸಿದ್ದೇನೆ, ಎಲೆಯ ಚಿತ್ರವಿಲ್ಲದೆ.
ಉತ್ತರ ಬಂದಿಲ್ಲ. ಬರಲಿ, ಬಾರದಿರಲಿ.
ಆ ದಿನದ ಪುಟದಲ್ಲಿ, ಕೊನೆಯ ಸಾಲಿನಲ್ಲಿದೆ:
ಇತರೆ ಖರ್ಚು. ವಾಷರು, ಒಂದು. ರೂ. ೮.