ಬೆನ್ನು ಬೋಳಾದ ಬಟನ್

ಹುಬ್ಬಳ್ಳಿಯಿಂದ ಬಂದವನ ಚೀಲದಲ್ಲಿ
ಕರಿ ಡಬ್ಬಿ, ಮೈತುಂಬ ಬಂಗಾರದ ಅಕ್ಷರ:
ದನಿಯ ಮುಸುಕು ತೆಗೆಯುತ್ತದೆ,
ಹಳೆ ಕ್ಯಾಸೆಟ್ಟಿಗೆ ಜೀವ ತುಂಬುತ್ತದೆ,
ಇದುವರೆಗೆ ನೀವು ಕೇಳಿದ್ದು ಅರ್ಧ ಮಾತ್ರ.
ಬೆಲೆ ಹನ್ನೊಂದು ಸಾವಿರ,
ಗುಳೇದಗುಡ್ಡದವರಿಗೆಂದೇ ಒಂಬತ್ತು.
"ನಾಕ ದಿನ ಇಟಗೊಂಡ ನೋಡ್ರಿ" ಎಂದು ಬಿಟ್ಟು ಹೋದ.

ಮೌನೇಶ ಪತ್ತಾರರ ಅಂಗಡಿಯಲ್ಲಿ
ನಾನು ಆಗ ಬೆಸುಗೆ ಕಲಿಯುತ್ತಿದ್ದೆ.
ಸ್ಪೀಕರಿನ ಹರಿದ ಕಾಗದಕ್ಕೆ ಗೋಂದು ಹಚ್ಚುವುದು,
ಚಹಾ ತರುವುದು,
"ನಾ ಏನೂ ಮಾಡಿಲ್ಲ, ತಾನ ಬಂದಾತು"
ಎನ್ನುವ ಗಿರಾಕಿಯ ಮುಂದೆ ಸುಮ್ಮನಿರುವುದು.

ಡಬ್ಬಿ ಹಚ್ಚಿದೆವು. ಕೆಂಪು ದೀಪ ಹೊತ್ತಿತು.
ತುಳಜನಸಾ ಕಾಟವಾ ಕಣ್ಣು ಮುಚ್ಚಿ
"ತಬಲಾದಾಂವನ ಬೆರಳ ಎಣಸಬಹುದು" ಅಂದರು.
ನನಗೂ ಕೇಳಿತು. ಅದನ್ನು ಮುಚ್ಚಿಡಲಾರೆ.
ಸಾರಂಗಿಯ ಹಿಂದೆ ಯಾರೋ ಉಸಿರೆಳೆದುಕೊಂಡದ್ದು,
ಮೊದಲಿಲ್ಲದ್ದು, ಸ್ಪಷ್ಟ.

ರಾತ್ರಿ ಮೌನೇಶರು ನಾಲ್ಕು ಸ್ಕ್ರೂ ಬಿಚ್ಚಿದರು.
ದೀಪಕ್ಕೊಂದು ಪುಟ್ಟ ಬೋರ್ಡು,
ತೂಕಕ್ಕೆ ಅಂಗೈಯಗಲ ಸಿಮೆಂಟು,
ಈ ತೂತಿನಿಂದ ಬಂದ ತಂತಿ
ಯಾರನ್ನೂ ಮಾತಾಡಿಸದೆ
ಆ ತೂತಿನಿಂದ ಹೊರಗೆ.
ಬಟನ್ನಿನ ಬೆನ್ನು ಬೋಳು.
ಎಡಕ್ಕೆ 'ಸಾದಾ', ಬಲಕ್ಕೆ 'ಸಭಾಂಗಣ',
ನಡುವೆ ಬರೀ ಗಾಳಿ.
ಅವರು ನಗಲಿಲ್ಲ.
"ಸಿಮೆಂಟ್ ಮಾತ್ರ ಚಲೋದು ಹಾಕ್ಯಾನ" ಅಂದು
ನಾಲ್ಕೂ ಸ್ಕ್ರೂ ಮತ್ತೆ ಬಿಗಿದರು.

ಮರುದಿನ ನೀಲವ್ವ ಬರಗುಂಡಿ ರೇಡಿಯೊ ಒಯ್ಯಲು ಬಂದಳು.
ನಲವತ್ತು ವರ್ಷ ಕುಣಿಮಗ್ಗದಲ್ಲಿ ಖಣ ನೇಯ್ದವಳು,
ಎಳೆಯೊಂದು ಹರಿದರೆ
ಲಾಳಿಯ ಸದ್ದಿನಲ್ಲೇ ಹಿಡಿಯುವವಳು.
ಮೌನೇಶರು ಬಟನ್ ತಿರುವಿದರು. ಆಚೆ. ಈಚೆ.
"ಬದಲ ಯಾವಾಗ ಆಕ್ಕೈತಿ ಹೇಳಪಾ, ಕಾಯ್ತೀನಿ."
ಕಾದಳು. ಬಾಯೊಳಗಿನ ಎಲೆಯಡಿಕೆ ಮುಗಿಯಿತು.
ರೇಡಿಯೊ ಕಂಕುಳಲ್ಲಿಟ್ಟುಕೊಂಡು ಹೋದಳು.

ಮಾರುವವ ತಿರುಗಿ ಬರಲಿಲ್ಲ.
ಕಾಟವಾ ಬಂದರು, ಎಣಿಸಿದ ನೋಟು ಹಿಡಿದು.
ಡಬ್ಬಿ ಬಿಚ್ಚಿ ತೋರಿಸಿದಾಗ
ಬಹಳ ಹೊತ್ತು ಸಿಮೆಂಟನ್ನೇ ನೋಡಿ
"ಆದರೂ ಕೇಳಸ್ತಿತ್ತಲ್ಲ" ಅಂದರು,
ಚಪ್ಪಲಿ ಕಳೆದುಕೊಂಡವರ ದನಿಯಲ್ಲಿ.

ಈಗ ಅಂಗಡಿ ನನ್ನದು.
ಡಬ್ಬಿ ರಸೀದಿಗಳ ಮೇಲೆ ಕೂತಿದೆ, ಗಾಳಿಗೆ ಹಾರದಂತೆ;
ಅದೊಂದು ಕೆಲಸ ಖರೆ ಮಾಡುತ್ತದೆ.
ಕಂಪನಿಯ ಹುಡುಗರು ಈಗಲೂ ಬರುತ್ತಾರೆ,
ಫೋನಿನೊಳಗೇ ಇದೆಯಂತೆ, ಡಬ್ಬಿಯೂ ಬೇಡವಂತೆ.

ಕೆಲವು ಸಂಜೆ ಷಟರ್ ಅರ್ಧ ಇಳಿಸಿ
ಅದೇ ಕ್ಯಾಸೆಟ್ಟು ಹಾಕುತ್ತೇನೆ.
ತಂತಿ ಜೋಡಿಸದೆಯೇ
ಬಟನ್ ಬಲಕ್ಕೆ ತಿರುವುತ್ತೇನೆ:
ಸಾರಂಗಿಯ ಹಿಂದೆ ಉಸಿರು.
ಎಡಕ್ಕೆ ತಿರುವುತ್ತೇನೆ.
ಉಸಿರು ಅಲ್ಲೇ ಇದೆ.